ಮೂರು ಮಂದಿ ಮಲ್ಕಪ್ಪ

ಕಪನೂರಿನ ನಮ್ಮ ಬ್ಯಾಳಿ ಮಿಲ್ಲಿನೊಳಗ
ಮಲ್ಕಪ್ಪ ಮೂರು ಮಂದಿ.
ಅಂಗಳದಾಗ ನಿಂತು "ಏ ಮಲ್ಕಪ್ಪಾ" ಅಂದ್ರ
ಬಾಗಿಲಿಗೆ ಸಮೀಪ ಇದ್ದಾಂವ ಓಡಿ ಬರ್ತಾನ,
ಬೇಕಾದಾಂವ ಬರಂಗಿಲ್ಲ.
ಅದಕ್ಕ ಕಾಂಟಾ ಮಲ್ಕಪ್ಪ, ಚೀಲದ ಮಲ್ಕಪ್ಪ,
ಕಮಲಾಪುರದ ಮಲ್ಕಪ್ಪ.
ಈ ಪೆಟ್ಟಿಗಿನೂ ಹಂಗೇ, ತಬಸ್ಸುಮ್.
ಬರೇ ಪೈಥಾನ್ ಅಂದ್ರ
ಪಾಥಿನ ಸಾಲಿನಾಗ ಮೊದಲು ನಿಂತಾಂವ ಓ ಅಂತಾನ.
ನಂಬರ್ ಹಚ್ಚಿ ಕರಿ.

ಲಾರಿ ತೂಗೋ ಕಾಂಟಾಕ್ಕ ಎರಡು ಪಾಯಿಂಟ್ ಏಳು.
ಬರದ ಹುಡುಗ ಹೈದರಾಬಾದಿನಾಗ ಎಲ್ಲಿ ಅದಾನೋ,
ಫೋನ್ ಎತ್ತಂಗಿಲ್ಲ.
ಕರಿಕಾಳು ಹೆಕ್ಕೋ ಕ್ಯಾಮೆರಾಕ್ಕ ಮೂರು ಪಾಯಿಂಟ್ ಆರು.
ಹೋದ ದೀಪಾವಳಿಗೆ ಬಂದ ತೇವಾಂಶದ ಯಂತ್ರ
ಮೂರು ಪಾಯಿಂಟ್ ಹನ್ನೊಂದಕ್ಕ ಕಡಿಮಿ ಮಾತೇ ಆಡಂಗಿಲ್ಲ.
ಇವರನ್ನ ಒಂದೇ ಪಂಕ್ತಿಗೆ ಕುಂಡ್ರಿಸಿದ್ರ
ಒಬ್ಬರ ತಾಟಿನೊಳಗ ಇನ್ನೊಬ್ಬರ ಖಾರ.
ಒಬ್ಬೊಬ್ಬರಿಗೆ ಒಂದೊಂದು ಖೋಲಿ ಮಾಡೀನಿ.
ಒಳಗ ಹೊಕ್ಕಾಗ ಸಾಲಿನ ಮುಂದ
ಖೋಲಿ ಹೆಸರು ಕಾಣ್ತದ.
ಕಾಣಲಿಲ್ಲಂದ್ರ ಕೈ ಕಟ್ಟಿ ಕೂಡು,
ಏನೂ ಹಾಕಬ್ಯಾಡ.

ಒಂದು ತಪ್ಪು ಹೇಳ್ತೀನಿ, ಮಾಲಕರ ಕಿವಿಗೆ ಬೀಳಬಾರದು.
ಖೋಲಿ ಅದ ಅಲ್ಲ, ಒಳಗ ಎಲ್ಲಾ ಇರ್ತದ ಅಂದು
ಹೊರಗಿನ ಮೂರು ಪಾಯಿಂಟ್ ಆರನ್ನ
ಒಂದು ಮಧ್ಯಾಹ್ನ ಕಿತ್ತು ಒಗದೆ.
ಆಮ್ಯಾಲ ಖೋಲಿ ಹಣಿಕಿ ನೋಡಿದ್ರ
ಅಲ್ಲಿ ಪೈಥಾನ್ ಇರಲೇ ಇಲ್ಲ,
ಹೊರಗಿನವನ ಕಡೆ ಬಟ್ಟು ತೋರಿಸೋ ಒಂದು ಬಾಣ ಇತ್ತು.
ಬಾಣದ ತುದಿಗೆ ಯಾರೂ ಇಲ್ಲ.

ಜನವರಿ. ಹೊಸ ತೊಗರಿ ಛಾವಣಿ ಮುಟ್ಟಿತ್ತು.
ಕ್ಯಾಮೆರಾ ಕುರುಡು.
ಕ್ಯಾಮೆರಾ ಬಂದ ವರ್ಷ ಮನಿಗೆ ಕಳಿಸಿದ್ದ
ಹನ್ನೆರಡು ಮಂದಿ ಹೆಣ್ಣುಮಕ್ಕಳನ್ನ
ಆಟೋ ಕಳಿಸಿ ಕರಿಸಿದ್ರು.
ಮರ ಹಿಡಕೊಂಡು ಕುಂತ್ರು, ಎರಡು ದಿನ,
ಕೇರೋ ಸಪ್ಪಳಕ್ಕ ಮಿಲ್ಲು ಬ್ಯಾರೇನೇ ಕೇಳಸ್ತಿತ್ತು.
ನಾನು ಗಾಜಿನ ಖೋಲಿಯೊಳಗ ಬೆವತು
ಹಳೇದನ್ನ ಹುಡುಕಿ ಹುಡುಕಿ ಇಳಿಸಿದೆ.
ಖೋಲಿ ಕೆಡವಿ ಮತ್ತ ಕಟ್ಟಿದೆ;
ಏನೇನು ಸಾಮಾನು ಬೇಕು ಅನ್ನೋ ಚೀಟಿ
ಉಳದಿತ್ತು, ಅದೊಂದು ಪುಣ್ಯ.
ಖೋಲಿ ಹೋದ್ರ ಹೋಗ್ಲಿ, ಚೀಟಿ ಕಳೀಬ್ಯಾಡ.
ಇದೇ ನೋಡು, ಡಬ್ಬಿಯೊಳಗ, ಚಾವಿ ಜೋಡಿ.

ಮೂರನೇ ದಿನ ಕಣ್ಣು ಬಂತು ಕ್ಯಾಮೆರಾಕ್ಕ.
ಕೂಲಿ ಎಣಿಸಿ ಸೆರಗಿಗೆ ಕಟ್ಟಿಗೊಂಡು
ಈರಮ್ಮ ಗಾಜು ಬಡದಳು, ನಕ್ಕೋತ:
"ಮತ್ತ ಯಾವಾಗ ಕೆಡಸ್ತೀ, ಅಕ್ಕಾ?"

ಏನಂತ ಹೇಳಲಿ. ನಾನೂ ನಕ್ಕೆ.
ಚಾವಿ ತಗೋ.