ಪಕ್ಕೆಯ ಹೊಲಿಗೆ

ಮಾಂದಲಪಟ್ಟಿಯ ಕಲ್ಲಿಗೆ ಎರಡು ಬಗೆಯ ಹಲ್ಲು.
ಒಂದು ಅಡಿಯಿಂದ ಕಚ್ಚುತ್ತದೆ, ಅದಕ್ಕೆ ಮದ್ದಿದೆ:
ಒಂದು ಎಳೆ ರಬ್ಬರು, ಹತ್ತು ನಿಮಿಷ, ಒಂದು ಬೀಡಿ.
ಇನ್ನೊಂದು ಪಕ್ಕೆ ಸೀಳುತ್ತದೆ.
"ಮಣ್ಣು ತುಂಬಿ, ಡೇಲಿಯಾ ನೆಡಿ"
ಅಂದನಂತೆ ಮಡಿಕೇರಿಯ ಪಂಕ್ಚರ್ ಅಂಗಡಿಯ ರಝಾಕ್.

ನನ್ನ ಮೈದುನ ಜೋಯಪ್ಪನಿಗೆ ಡೇಲಿಯಾ ಬೇಡ.
ಹೊಸ ಟೈರಿಗೆ ಹನ್ನೊಂದು ಸಾವಿರವೂ ಇಲ್ಲ.
ಕತ್ತಲಾದ ಮೇಲೆ ಉರುಳಿಸಿಕೊಂಡು ಬಂದು
ನನ್ನ ಹೊಲಿಗೆ ಮೆಷಿನಿಗೆ ಒರಗಿಸಿದ,
ಕುಡಿದ ಗೆಳೆಯನನ್ನು ಅವನ ಮನೆ ಬಾಗಿಲಿಗೆ ಒರಗಿಸಿದ ಹಾಗೆ.
"ಅತ್ತಿಗೆ, ನಾಲ್ಕೇ ಬೆರಳಗಲ."

ಮೆಷಿನಿನ ಮೇಲೆ ಶನಿವಾರದ ಮದುವೆಯ ರವಿಕೆ,
ಪಕ್ಕದಲ್ಲಿ ಕೆಂಪು ಮಣ್ಣು ಮೆತ್ತಿದ ಈ ಪ್ರಾಣಿ.
ರವಿಕೆ ಕಾಯಬಹುದು ಅಂದುಕೊಂಡೆ.
ಮದುವೆ ಕಾಯುವುದಿಲ್ಲ, ಅದು ಬೇರೆ ಮಾತು.

ಕಣದ ಕಾಫಿಯನ್ನು ಮೂಲೆಗೆ ಬಾಚಿದೆವು.
ಜೀಪಿನ ಬಂಪರಿನಡಿ ಟೈರು ಮಲಗಿಸಿ
ಅಂಚಿನ ಮೇಲೆ ಜ್ಯಾಕ್ ಇಟ್ಟು ತಿರುಗಿಸಿದರೆ
ಜೀಪು ತನ್ನ ಕಾಲನ್ನು ತಾನೇ ತುಳಿಯಬೇಕು.
ತುಳಿಯಿತು.
ರಿಮ್ಮು ಬಿಟ್ಟ ಸದ್ದು, ಹಲಸಿನಹಣ್ಣು ಬಿದ್ದ ಸದ್ದು.
ನಾಯಿ ಎದ್ದು ಎರಡು ಸಲ ಬೊಗಳಿ ಮತ್ತೆ ಮಲಗಿತು.
ಎರಡು ಲಿವರು, ಸೋಪಿನ ನೀರು,
ಟೈರಿಗೆ ಕಿವಿಯಿಲ್ಲ ಎಂಬ ಧೈರ್ಯದ ಬೈಗುಳ.

ಟೈರಿನೊಳಗೆ ಬಟ್ಟೆಯಿದೆ ಅಂತ
ಮೊದಲ ಸಲ ಕಂಡ ದಿನ ನಕ್ಕುಬಿಟ್ಟಿದ್ದೆ.
ನೈಲಾನ್ ದಾರ, ಪದರದ ಮೇಲೆ ಪದರ,
ಕ್ರಾಸ್ ಕಟ್ ರವಿಕೆಯ ಹಾಗೆ ಓರೆಯಾಗಿ,
ಮೈ ಹೊರಳಿದತ್ತ ಹಿಗ್ಗಲಿ ಅಂತ.
ಯಾವ ಊರಿನ ಯಾವ ಟೈಲರೋ, ಲೆಕ್ಕ ಬಲ್ಲವನು.

ದಬ್ಬಳ ಕಾಯಿಸಿ ಚುಚ್ಚಿದೆ.
ದಾರ ಗಂಡನ ಡಬ್ಬಿಯದು:
ಹಾರಂಗಿಯ ಮೀನಿಗೆ ಅಂತ ತಂದಿಟ್ಟದ್ದು, ಕೇಳಿಲ್ಲ.
ಒಳಗಿಂದ ತೇಪೆ, ಹಳೆ ಲಾರಿ ಟೈರಿನ ತುಂಡು,
ಅಂಚು ಹೆರೆದು ಹೆರೆದು ಎಲೆಯಷ್ಟು ತೆಳು ಮಾಡಿ,
ಇಲ್ಲದಿದ್ದರೆ ಟ್ಯೂಬನ್ನು ಉಜ್ಜಿ ಉಜ್ಜಿ ಕೊಲ್ಲುತ್ತದೆ.
ಮರಳುಕಾಗದ, ಸೊಲ್ಯೂಷನ್, ಆಮೇಲೆ ಸುಮ್ಮನಿರುವುದು.
ಬೆರಳ ಹಿಂಬದಿ ತಾಗಿಸಿದರೆ ಅಂಟಬಾರದು.
ಜೋಯಪ್ಪನಿಗೆ ಈ ಸುಮ್ಮನಿರುವುದೇ ಕಷ್ಟ.
ಅದುಮಿ ಹಿಡಿಯಲು ನೂಲ್‌ಪುಟ್ಟು ಒತ್ತುವ ಮಣೆಯ ಸ್ಕ್ರೂ.
ಅತ್ತೆ ಬಾಗಿಲಲ್ಲಿ ನಿಂತು ನೋಡಿದರು,
"ತೊಳೆದಿಡಿ" ಅಂದರು, ಒಳಗೆ ಹೋದರು.

ಪ್ರತಿ ಸಲದ ಮಾತು ಈ ಸಲವೂ ಹೇಳಿದೆ:
ಇದು ಮುಂದಿನ ಚಕ್ರಕ್ಕಲ್ಲ, ಟಾರು ರಸ್ತೆಯ ಓಟಕ್ಕಲ್ಲ,
ಜನ ತುಂಬಿಕೊಂಡು ಬೆಟ್ಟಕ್ಕಂತೂ ಅಲ್ಲವೇ ಅಲ್ಲ.
ಹಿಂದೆ ಸ್ಟೆಪ್ನಿಯಾಗಿ ತೂಗಲಿ, ಕಷ್ಟಕ್ಕಿರಲಿ.
ತಲೆಯಾಡಿಸಿದ.
"ಬಾಕಿ ನಾಳೆ ಕೊಡ್ತೀನಿ" ಅನ್ನುವವರೂ
ಹೀಗೇ ಆಡಿಸುತ್ತಾರೆ.

ಹನ್ನೆರಡು ವರ್ಷ, ಏಳು ಟೈರು.
ನಾನು ಆ ಬೆಟ್ಟ ಹತ್ತಿದವಳಲ್ಲ.
ಮಕ್ಕಂದೂರಿನ ಅಂಗಳದಲ್ಲೇ ಕೂತು
ಯಾರಯಾರದೋ ಫೋನಿನಲ್ಲಿ ಕಂಡಿದ್ದೇನೆ:
ಮೋಡ, ಕೈ ಚಾಚಿದ ಹುಡುಗಿ, ಮೂಲೆಯಲ್ಲಿ ಅರ್ಧ ಜೀಪು.

ಮಂಗಳವಾರ ಬಾಡಿಗೆಯಿರಲಿಲ್ಲ.
"ಹಿಂದಿನ ಎಡಕ್ಕೆ ಹಾಕು" ಅಂದೆ, "ನಾನು ಬರುತ್ತೇನೆ.
ಟ್ರಯಲ್ ನೋಡದೆ ಬಟ್ಟೆ ಕೊಡುವವಳಲ್ಲ."
ಸ್ವೆಟರಿನ ಮೇಲೆ ಕೊರಳಿಗೆ ಟೇಪು, ಹಾಗೇ ಹತ್ತಿದೆ,
ಸರಿಯಾಗಿ ಆ ಚಕ್ರದ ಮೇಲೆ ಕೂತೆ.
ದಾರಿಯೆಂದರೆ ಕಲ್ಲು, ಕಲ್ಲು ಬಿಟ್ಟರೆ ಹೊಂಡ.
ಪ್ರತಿ ಏಟೂ ಬೆನ್ನಿಗೆ ಬಂದು ವರದಿ ಒಪ್ಪಿಸಿತು.
ಒಂದೊಂದು ಹೊಲಿಗೆಯೂ ನನ್ನ ಹಲ್ಲಿನಲ್ಲಿತ್ತು.

ಮೇಲೆ ಮಂಜು ಸರಿಯಿತು.
"ನೋಡಿ ಅತ್ತಿಗೆ, ಅಲ್ಲಿ, ಪುಷ್ಪಗಿರಿ!"
ನೋಡಿದೆ. ದೊಡ್ಡದಿತ್ತು.
ಆಮೇಲೆ ಮೊಣಕಾಲೂರಿ ಟೇಪು ಹಿಡಿದೆ.
ಮನೆಯಲ್ಲಿ ಗಾಯ ಮೂರೂಕಾಲು ಇಂಚು.
ಇಲ್ಲಿ ಮೂರೂಕಾಲು, ಮೇಲೊಂದು ನೂಲು.

"ಇಳಿಯುವಾಗ ಮೆಲ್ಲಗೆ" ಅಂದೆ.
ಜೋಯಪ್ಪ ಈ ಸಲ ತಲೆಯಾಡಿಸಲಿಲ್ಲ.
ಟೇಪು ಇಸಕೊಂಡು
ತಾನೇ ಇನ್ನೊಮ್ಮೆ ಅಳೆದ.