ಹನ್ನೊಂದು ಸೆಕೆಂಡು

ನಾಣ್ಯ ಚಿಮ್ಮಿದ್ದು ನಾನೇ.
ಇಪ್ಪತ್ತು ಶಿಲ್ಲಿಂಗಿನದು, ಒಂದು ಬದಿಗೆ ಆನೆ.
ಆನೆ ಬಿದ್ದರೆ ಪರ, ಲಾಂಛನ ಬಿದ್ದರೆ ವಿರೋಧ.
ಹೋಮಾ ಬೇಯ ಶಾಲೆಯೊಂದರ ಊಟದ ಹಾಲು,
ಬೆಂಚುಗಳನ್ನು ಗೋಡೆಗೆ ಒತ್ತರಿಸಿ
ಎರಡು ಮೇಜು ಎದುರುಬದುರು ಇಟ್ಟಿದ್ದರು.
ಆನೆ ಬಿತ್ತು.
ಅಪೊಂಡಿಯ ತಂಡಕ್ಕೆ ಪರ ಬಂತು.

ವಿಷಯ ಹಲಗೆಯ ಮೇಲೆ ಮೊದಲೇ ಇತ್ತು:
ಒಮೆನಾ ಹಿಡಿಯುವುದನ್ನು ಈ ಸಭೆ
ವರ್ಷಕ್ಕೆ ಆರು ತಿಂಗಳು ನಿಲ್ಲಿಸುತ್ತದೆ.
ಒಮೆನಾ ಅಂದರೆ ಕಿರುಬೆರಳಷ್ಟು ಬೆಳ್ಳಿ.
ಚಂದ್ರನಿಲ್ಲದ ರಾತ್ರಿ ಸರೋವರಕ್ಕೆ ದೀಪ ಒಯ್ದು
ಬೆಳಕಿಗೆ ಮರುಳಾಗಿ ಬಂದದ್ದನ್ನು ಬಾಚಿ ತರುವುದು.
ದಡದಿಂದ ನೋಡಿದರೆ
ನೀರಿನ ಮೇಲೆ ಇನ್ನೊಂದು ಪೇಟೆ ತೆರೆದ ಹಾಗೆ.
ಆ ದೀಪಗಳಲ್ಲಿ ಒಂದು ಅವಳ ಅಪ್ಪನದು.
ಇದು ನನಗೆ ಗೊತ್ತಿರಬಾರದಿತ್ತು. ಗೊತ್ತಿತ್ತು.

ನನ್ನ ಕಸುಬು ರಸಾಯನಶಾಸ್ತ್ರದ ಪಾಠ.
ಶನಿವಾರ ಮಾತಿಗೆ ಅಂಕ ಹಾಕುತ್ತೇನೆ.
ಹಾಳೆಯಲ್ಲಿ ಮೂರು ಕಲಂ: ಹುರುಳು, ವರಸೆ, ಜೋಡಣೆ.
ಅರವತ್ತರ ಕೆಳಗೆ ಯಾರನ್ನೂ ಇಳಿಸುವಂತಿಲ್ಲ,
ಎಂಬತ್ತು ದಾಟಿಸಿದರೆ ಕಾರಣ ಬರೆಯಬೇಕು.
ಇಪ್ಪತ್ತು ಅಂಕದ ಆ ಓಣಿಯಲ್ಲೇ
ಮಕ್ಕಳೆಲ್ಲ ಓಡಾಡಿಕೊಂಡಿರುತ್ತಾರೆ.

ಅಪೊಂಡಿ ಎದ್ದಳು. ಚೀಟಿ ಮಡಚಿ ಸ್ವೆಟರಿನ ತೋಳಿಗೆ ತುರುಕಿದಳು.
ಎದುರಾಳಿಗಳ ಮಾತನ್ನೆಲ್ಲ ಮೊದಲು ತಾನೇ ಆಡಿದಳು,
ಅವರು ಆಡುವುದಕ್ಕಿಂತ ಚೆನ್ನಾಗಿ:
ಜುಲೈ ತಿಂಗಳ ಸಾಲ, ಸೀಮೆಎಣ್ಣೆಯ ದರ,
ಮೀನು ಒಣಹಾಕುವ ಹೆಂಗಸರ ಬರಿದಾದ ಚಾಪೆ,
ದೋಣಿ ಪರರದಾದರೆ ಪಾಲೆಷ್ಟು ಉಳಿಯುತ್ತದೆ.
ಎದುರು ಮೇಜಿನವರು ಪೆನ್ನು ಕೆಳಗಿಟ್ಟರು.
ಆಮೇಲೆ ಒಂದೊಂದೇ ಹೊಲಿಗೆ ಬಿಚ್ಚಿದಳು.
ಮರಿ ಹಿಡಿದವನು ಬರುವ ವರ್ಷವನ್ನು ಉಂಡಂತೆ, ಅಂದಳು.
ಸರ್ಕಾರ ಹಂಚಿದ ಸೊಳ್ಳೆಪರದೆ
ಯಾರ ಮಂಚದ ಮೇಲೂ ಇಲ್ಲ, ಅಂದಳು,
ಮಂಚದ ಕೆಳಗಿದೆ, ಒದ್ದೆಯಾಗಿದೆ,
ನಾನು ನೋಡಿದ್ದೇನೆ.

ನಾನು ನೋಡಿದ್ದೇನೆ ಅನ್ನುವುದು ಪುರಾವೆಯಲ್ಲ.
ಹುರುಳಿನ ಕಲಮಿನಲ್ಲಿ ಅರ್ಧ ಅಂಕ ಕಳೆದೆ.
ನಾನಲ್ಲ, ಅಭ್ಯಾಸವಾದ ಕೈ.

ಐದನೇ ನಿಮಿಷಕ್ಕೆ ಎದುರಿನಿಂದ ಒಮೊಲೊ ಎದ್ದ,
ತೆಳ್ಳನೆಯ ಹುಡುಗ, ಟೈ ಅಣ್ಣನದು.
ಎಡಗೈ ನೆತ್ತಿಯ ಮೇಲೆ, ಬಲಗೈ ಮುಂದಕ್ಕೆ,
ಕಟ್ಟುಗೂದಲು ಜಾರದಂತೆ ಯಾವುದೋ ಕಾಲದ ದೊರೆಗಳು
ಒತ್ತಿ ಹಿಡಿದಂತೆ.
ದೊರೆಗಳು ಹೋದರು. ಕೈ ಮಾತ್ರ
ನಮ್ಮ ಮಕ್ಕಳ ತಲೆಯ ಮೇಲೆ ಉಳಿಯಿತು.

"ಒಂದು ಪ್ರಶ್ನೆ."
"ಕೇಳು."
"ಆ ಆರು ತಿಂಗಳು ನಿನ್ನ ಮನೆಯಲ್ಲಿ ಒಲೆಗೆ ಏನಿಡುತ್ತೀರಿ?"

ಗಡಿಯಾರ ಹಿಡಿದ ಪುಟ್ಟ ಹುಡುಗಿ ನನ್ನ ಮುಖ ನೋಡಿದಳು.
ನಿಲ್ಲಿಸುವಂತಿಲ್ಲ ಎಂದು ತಲೆಯಾಡಿಸಿದೆ.
ಒಂದು. ಎರಡು.
ಮಾಡಿನ ತಗಡಿನ ಮೇಲೆ ದೊಡ್ಡ ಕೊಕ್ಕರೆಯ ಹೆಜ್ಜೆ.
ಐದು.
ಅಡುಗೆಮನೆಯಲ್ಲಿ ಈರುಳ್ಳಿ ಎಣ್ಣೆಗೆ ಬಿದ್ದ ಚುಂಯ್.
ಜೊತೆಗಾತಿ ಚೀಟಿ ನೂಕಿದಳು: ಪರಿಹಾರಧನ! ಪರಿಹಾರಧನ!
ಅಪೊಂಡಿ ಓದಿದಳು. ಆಡಲಿಲ್ಲ.
ಹನ್ನೊಂದು.
"ಗೊತ್ತಿಲ್ಲ," ಅಂದಳು. "ಮುಂದಿನ ಅಂಶ."

ಇಪ್ಪತ್ತು ವರ್ಷದಲ್ಲಿ ಆ ಮೇಜಿನ ಹಿಂದಿನಿಂದ
ಗೊತ್ತಿಲ್ಲ ಎಂಬ ಮಾತು ಕೇಳಿರಲಿಲ್ಲ.
ನಾನೂ ಹುಡುಗನಾಗಿದ್ದಾಗ
ನೇಣು ಬೇಕು ಅಂದಿದ್ದೆ, ಊಟಕ್ಕೆ ಮುಂಚೆ.
ಬೇಡ ಅಂದಿದ್ದೆ, ಊಟವಾದ ಮೇಲೆ.
ಎರಡಕ್ಕೂ ಬಹುಮಾನ ಬಂದಿತ್ತು. ಎರಡೂ ರಾತ್ರಿ ನಿದ್ದೆ ಬಂದಿತ್ತು.

ಅವಳ ತಂಡ ಸೋತಿತು, ಒಂದೂವರೆ ಅಂಕಕ್ಕೆ.
ನಿಯಮದಂತೆ ಸರಿ.
ಪ್ರಶ್ನೆಯನ್ನು ಎದುರಿಸಲಿಲ್ಲ, ಎಂದು ವಿವರಿಸಿದೆ.
ಅವಳು ಬರೆದುಕೊಂಡಳು, ಅಡಿಗೆರೆ ಎಳೆದು.

ಮೇಜು ಕೂಡಿಸಿ ಊಟಕ್ಕೆ ಕೂತೆವು.
ಉಗಾಲಿ, ಸುಕುಮಾ ಸೊಪ್ಪು, ಹುರಿದ ಒಮೆನಾ.
ಒಮೊಲೊ ಮೀನಿನ ತಲೆ ಕಿತ್ತು ಕಿತ್ತು
ತಟ್ಟೆಯಂಚಿಗೆ ಸಾಲಿಡುತ್ತಿದ್ದ.
ಅಪೊಂಡಿ ಕೈಹಾಕಿ ಆ ಸಾಲನ್ನೇ ಎತ್ತಿ
ಬಾಯಿಗೆ ಹಾಕಿಕೊಂಡಳು, ಕಣ್ಣಿನ ಸಮೇತ.
"ಇದನ್ನು ಬಿಸಾಡುತ್ತಾರೇನೋ?"
ಅವನು ನಕ್ಕ. ಆಮೇಲೆ ನಗು ನಿಲ್ಲಿಸಿ
ಅದೇ ಪ್ರಶ್ನೆಯನ್ನು ಮತ್ತೆ ಕೇಳಿದನೇನೋ,
ತಲೆಯ ಮೇಲೆ ಕೈಯಿಲ್ಲದೆ, ನಮ್ಮ ಭಾಷೆಯಲ್ಲಿ.

ಅವಳು ಹೇಳುತ್ತಾ ಹೋದಳು.
ಏಳು ನಿಮಿಷ ಮೀರಿರಬೇಕು, ಗಂಟೆ ಬಾರಿಸುವವಳು
ಎರಡನೇ ಸಲ ಉಗಾಲಿ ಹಾಕಿಸಿಕೊಳ್ಳುತ್ತಿದ್ದಳು.
ನಾನು ಮೇಜಿನ ಈ ತುದಿಯಲ್ಲಿ.
ತಟ್ಟೆಗಳ ಸದ್ದಿಗೆ ಏನೂ ಕೇಳಿಸಲಿಲ್ಲ.