ಕಪ್ಪು-ಬಿಳುಪು ಪ್ರಿಂಟು

ಲೆಕ್ಕ ಮುಗಿದಾಗ ರಾತ್ರಿ ಏಳೂಕಾಲು.
ಲ್ಯಾಬಿನ ಮೂರು ಫ್ಯಾನಲ್ಲಿ ಎರಡು ತಿರುಗುತ್ತಿದ್ದವು.
ಪರದೆಯ ಮೇಲೆ ನನ್ನ ಬಾಣಲೆ
ಬೂದು ಬಣ್ಣದಲ್ಲಿ ಸುಮ್ಮನೆ ಕೂತಿತ್ತು,
ಇಷ್ಟು ಹೊತ್ತು ಬೆಂದದ್ದು ತಾನಲ್ಲ ಎಂಬಂತೆ.

'ಉತ್ತರ ಒಳಗೇ ಇದೆ,' ಎಂದರು ತಿಪ್ಪೇಶಪ್ಪ ಮೇಷ್ಟ್ರು,
'ಕೇಳದೆ ಬಾಯಿ ಬಿಡೋದಿಲ್ಲ. ಏನು ಬೇಕೋ ಕೇಳು.'
ಉಷ್ಣಾಂಶ ಕೇಳಿದೆ.
ಒಮ್ಮೆಲೇ ನಡುವೆ ಕೆಂಪು, ಸುತ್ತ ಹಳದಿ, ಆಮೇಲೆ ಹಸಿರು,
ಅಂಚಿಗೆ ಬರುವಷ್ಟರಲ್ಲಿ ಕೆರೆಯಷ್ಟು ನೀಲಿ.
ನಾನು ಚಪ್ಪಾಳೆ ತಟ್ಟಿದೆ. ಮೇಷ್ಟ್ರು ತಟ್ಟಲಿಲ್ಲ,
ಬಲಗಡೆಯ ಬಣ್ಣಪಟ್ಟಿಗೆ ಪೆನ್ನು ಕುಟ್ಟಿದರು:
'ನೀಲಿ ಅಂದ್ರೆ ತಣ್ಣಗೆ ಅಂದ್ಕೊಂಡೆಯಾ? ಓದು.'
ಓದಿದೆ. ನೀಲಿ: ನೂರ ತೊಂಬತ್ತು ಡಿಗ್ರಿ.
ಬೆರಳಿಟ್ಟರೆ ಬೆರಳು ಬಾಣಲೆಯದೇ.

ಬಾಗುವಿಕೆ ಕೇಳಿದೆ.
ಬಾಣಲೆ ಎಣ್ಣೆಗೆ ಬಿದ್ದ ಹಪ್ಪಳದ ಹಾಗೆ ಮುದುರಿತು,
ಒಂದು ಕಿವಿ ಆಕಾಶಕ್ಕೆ, ಒಂದು ಕಿವಿ ನೆಲಕ್ಕೆ.
ಎದೆ ಧಸಕ್ಕೆಂದಿತು.
ಮೂಲೆಯಲ್ಲಿ ಇರುವೆಯಷ್ಟು ಅಕ್ಷರ: ನಲವತ್ತು ಪಟ್ಟು.
ಒಂದಕ್ಕೆ ಇಳಿಸಿದೆ, ಬಾಣಲೆ ಮತ್ತೆ ಬಾಣಲೆ.
ನಮ್ಮ ಓಣಿಯ ಸುದ್ದಿಯೂ ಹೀಗೇ,
ಭಟ್ಟಿಯಿಂದ ನೀರಿನ ಟ್ಯಾಂಕಿನ ತನಕ ಹೋಗುವಷ್ಟರಲ್ಲಿ ನಲವತ್ತು ಪಟ್ಟು.
ಅಲ್ಲಿ ಮಾತ್ರ ಮೂಲೆಯಲ್ಲಿ ಯಾರೂ ಬರೆದಿರುವುದಿಲ್ಲ.

ಬಣ್ಣದ ಪ್ರಿಂಟಿಗೆ ಹದಿನೈದು ರೂಪಾಯಿ, ಕಪ್ಪಿಗೆ ಎರಡು.
ನಾನು ಎರಡು ಕೊಟ್ಟೆ.

ಆಜಾದ್ ನಗರದ ಮೇಲೆ ಹೊಟ್ಟಿನ ಹೊಗೆ ಕೂತಿತ್ತು.
ದಾವಣಗೆರೆಗೆಲ್ಲ ಸಂಜೆ ಖಾರ ಮಂಡಕ್ಕಿ ಬೇಕು,
ಅದಕ್ಕೆ ದಾದಾಪೀರಣ್ಣ ಬೆಳಗಿನ ನಾಲ್ಕಕ್ಕೇ ಬೆವರುತ್ತಾನೆ.
ಕಾಗದ ಇಸಕೊಂಡ. ತಿರುವಿ ಹಿಡಿದು ನೋಡಿದ.
'ಇದರಾಗ ಬಿಸಿ ಎಲ್ಲೈತವ್ವ?'
'ನಡುವೆ. ಇಗೋ, ಕಪ್ಪಗೆ.'
'ಅಂಚಿನಾಗೂ ಕಪ್ಪಗೇ ಐತಲ್ಲ.'

ಐತಿ.
ಕೆಂಪೂ ನೀಲಿಯೂ ಆ ಎರಡು ರೂಪಾಯಿಗೆ ಒಂದೇ ಮಸಿ.
ಎಲ್ಲಕ್ಕಿಂತ ಬಿಸಿ, ಎಲ್ಲಕ್ಕಿಂತ ತಂಪು
ಒಂದೇ ಮುಖ ಹೊತ್ತು ಬಂದು
ಅವನ ಕೈಯಲ್ಲಿ ನಿಂತಿದ್ದವು.

ಅವನು ನಗಲಿಲ್ಲ.
ಉಪ್ಪುನೀರು ಕುಡಿದ ಅಕ್ಕಿ ಒಂದು ಹಿಡಿ ತೆಗೆದು
ಕಾದ ಮರಳಿನ ಮೇಲೆ ಅಂಚಿನಿಂದ ಅಂಚಿಗೆ
ಒಂದೇ ಗೆರೆಯಾಗಿ ಉದುರಿಸಿದ. ಎಣಿಸಿದ.
ಎರಡಕ್ಕೆ ನಡುವಿನವು ಅರಳಿದವು.
ನಾಲ್ಕಕ್ಕೆ ಬಲಗಡೆಯವು.
ಎಡಗಡೆ, ಬಾಗಿಲ ದಿಕ್ಕಿನವು, ಏಳಾದರೂ ಅಕ್ಕಿಯೇ.
'ಇಲ್ಲಿ ಗಾಳಿ ನುಗ್ತೈತಿ. ಬಿರುಕು ಬಿಡೋದೂ ಇಲ್ಲೇ,
ಮೂರು ಬಾಣಲಿ ಆತು.'

ನನ್ನ ಬಾಣಲೆ ಇದ್ದ ಲೋಕಕ್ಕೆ ಬಾಗಿಲೇ ಇರಲಿಲ್ಲ.
ಸುತ್ತಲೂ ಒಂದೇ ಗಾಳಿ ಹಾಕಿದ್ದೆ, ಸುಲಭವೆಂದು.

ಮರುದಿನ ಬಣ್ಣ ಆರಿಸಿದೆ,
ಗೆರೆ ಆರಿಸಿದೆ:
ಅವನ ಅಕ್ಕಿ ಬಿದ್ದ ದಾರಿಯಲ್ಲೇ, ಅಂಚಿನಿಂದ ಅಂಚಿಗೆ.
ಅಡ್ಡಕ್ಕೆ ಮಿಲಿಮೀಟರು, ಮೇಲಕ್ಕೆ ಡಿಗ್ರಿ.
ಬಾಗಿಲು ತೆಗೆದಿಟ್ಟು ಮತ್ತೆ ಬೇಯಿಸಿದೆ.
ಗೆರೆ ಎಡಕ್ಕೆ ಕುಸಿಯಿತು,
ಮುಂಗಾಲು ಮಡಚಿದ ಎತ್ತಿನ ಹಾಗೆ.
ಅದರ ಜೊತೆಗೇ ಅವನ ಎಣಿಕೆಯನ್ನೂ ಚುಕ್ಕೆ ಚುಕ್ಕೆಯಾಗಿ ಇಟ್ಟೆ.
ಗೆರೆ ಇಳಿದಲ್ಲಿ ಚುಕ್ಕೆ ಏರಿತ್ತು,
ಒಂದನ್ನು ಬಿಟ್ಟು. ಆ ಒಂದು ಯಾಕೆಂದು ಈಗಲೂ ತಿಳಿದಿಲ್ಲ.

ಮೇಷ್ಟ್ರು ಬಹಳ ಹೊತ್ತು ನೋಡಿದರು.
ಬಲಗಡೆಯ ಅಕ್ಷಕ್ಕೆ ನಾನು ಬರೆದಿದ್ದೆ: 'ದಾದಾಪೀರಣ್ಣನ ಎಣಿಕೆ'.
ಹೊಡೆದುಹಾಕಲು ಎತ್ತಿದ ಪೆನ್ನು ಅಲ್ಲೇ ನಿಂತಿತು.
'ಅವನ ಒಂದು ಅಂದ್ರೆ ಎಷ್ಟು ಸೆಕೆಂಡು?
ಅಳೆದುಕೊಂಡು ಬಾ.'

ಮೊಬೈಲಿನ ಗಡಿಯಾರ ಹಿಡಿದು ಭಟ್ಟಿಯ ಮುಂದೆ ನಿಂತೆ.
ಅಳೆಯುತ್ತಿದ್ದೇನೆಂದು ಗೊತ್ತಾದದ್ದೇ ತಡ
ಅವನು ಬೇಗಬೇಗ ಎಣಿಸತೊಡಗಿದ,
ಪರೀಕ್ಷೆಗೆ ಕೂತ ಹುಡುಗನಂತೆ, ಹತ್ತು, ಹನ್ನೊಂದು, ಹನ್ನೆರಡು,
ಎಡಗಡೆಯ ಅಕ್ಕಿ
ಇನ್ನೂ ಬೆಳ್ಳಗೆ, ಗಟ್ಟಿಯಾಗಿ,
ಮರಳ ಮೇಲೆ ಮಲಗಿತ್ತು.